ಆಸ್ಬೆಸ್ಟಾಸ್ ಸೀಲಿಂಗ್ ಇರುವ ಕಟ್ಟಡದಲ್ಲಿ ಕೇಬಲ್ ಎಳೆಯುವುದು ಹೇಗೆ?

ಪ್ರಶ್ನೆ: ನಮ್ಮೂರಿನ ಪ್ರೌಢಶಾಲೆಯ ಕಟ್ಟಡ ತೀರ ಹಳೆಯದು. ಮೇಲೆ ಆಸ್ಬೆಸ್ಟಾಸ್ ಶೀಟು, ಅದರ ಕೆಳಗೆ ಮರದ ರೀಪಿಗೆ ಮೊಳೆ ಹೊಡೆದು ಕೂರಿಸಿದ ಚಪ್ಪಟೆ ಶೀಟಿನ ಸೀಲಿಂಗ್. ಹಳೆಯ ವಿದ್ಯಾರ್ಥಿಗಳು ಹತ್ತು ಕಂಪ್ಯೂಟರ್, ನಾಲ್ಕು ಕ್ಯಾಮೆರಾ ಕೊಡಿಸಿದ್ದಾರೆ. ಕೇಬಲ್ ಎಳೆಯಲು ಬಂದ ಹುಡುಗರು ಸೀಲಿಂಗ್‌ನಲ್ಲಿ ಮೂವತ್ತು ಕಡೆ ತೂತು ಹಾಕಬೇಕು ಎನ್ನುತ್ತಾರೆ. ವಿಜ್ಞಾನದ ಮೇಷ್ಟ್ರು, ‘ಅದು ಕ್ಯಾನ್ಸರ್ ಶೀಟು, ಮುಟ್ಟಲೇಬೇಡಿ’ ಎಂದು ಕೆಲಸ ನಿಲ್ಲಿಸಿದ್ದಾರೆ. ಯಾರ ಮಾತು ಕೇಳಬೇಕು?
– ಎಸ್‌ಡಿಎಂಸಿ ಸದಸ್ಯ, ಹಾಸನ ಜಿಲ್ಲೆ

ಉತ್ತರ: ಮೇಷ್ಟ್ರ ಮಾತು ಮುಕ್ಕಾಲು ಸರಿ. ಹುಡುಗರದು ಪೂರ್ತಿ ತಪ್ಪು.

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎನ್ನುತ್ತೇವೆ. ಇಂಗ್ಲಿಷ್ ಹೆಸರಿಗಿಂತ ಇದೇ ಹೆಚ್ಚು ಹೇಳುತ್ತದೆ: ಕಲ್ಲು, ಆದರೆ ನಾರಿನಂತೆ ಸೀಳುತ್ತದೆ. ಸೀಳುತ್ತಾ ಸೀಳುತ್ತಾ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗುತ್ತದೆ. ನಿಮ್ಮ ಶೀಟಿನಲ್ಲಿ ಬಹುಪಾಲು ಸಿಮೆಂಟು, ಕಲ್ನಾರು ಶೇ 10ರ ಆಸುಪಾಸು ಇದ್ದೀತು. ಸಿಮೆಂಟು ಗಟ್ಟಿಯಾಗಿ ಹಿಡಿದಿರುವಷ್ಟು ಕಾಲ ಆ ಎಳೆಗಳು ಎಲ್ಲಿಗೂ ಹೋಗುವುದಿಲ್ಲ. ಬಿರುಕು ಬಿಡದ, ಪುಡಿ ಉದುರದ ಶೀಟಿನ ಕೆಳಗೆ ಕುಳಿತು ಪಾಠ ಕೇಳುವ ಮಕ್ಕಳಿಗೆ ಅದರಿಂದ ಅಪಾಯ ಬಹಳ ಕಡಿಮೆ. ಡ್ರಿಲ್ಲು, ಗರಗಸ, ಸುತ್ತಿಗೆ ತಾಗಿದಾಗ ಕಥೆ ಬದಲಾಗುತ್ತದೆ. ‘ಇದು ಬಿಳಿ ಆಸ್ಬೆಸ್ಟಾಸ್, ಏನೂ ಆಗದು’ ಎಂದು ಶೀಟು ಮಾರುವವರು ಹೇಳುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬಿಳಿಯದೂ ಸೇರಿದಂತೆ ಎಲ್ಲ ಬಗೆಯ ಆಸ್ಬೆಸ್ಟಾಸನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ.

ನೋಡಿದ ಮಾತ್ರಕ್ಕೆ ಶೀಟಿನಲ್ಲಿ ಕಲ್ನಾರು ಇದೆಯೋ ಇಲ್ಲವೋ ತಿಳಿಯದು. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟೇ ನೋಡಬೇಕು. ಹಳೆಯ ಕಟ್ಟಡವಾದರೆ ಇದೆ ಎಂದೇ ಹಿಡಿದು ಕೆಲಸ ಮಾಡಿ. ಪರೀಕ್ಷೆಗೆಂದು ಮೂಲೆಯೊಂದನ್ನು ಮುರಿದು ಕೊಡುವ ಸಾಹಸ ಬೇಡ.

ಈಗ ಕೇಬಲ್ಲಿಗೆ ಬರೋಣ. ಒಂದೇ ಕೋಣೆಯ ಹತ್ತು ಕಂಪ್ಯೂಟರ್‌ಗಳಿಗೆ ಸೀಲಿಂಗ್ ಯಾಕೆ ಬೇಕು? ಮೇಲೆ ಹಾಯಿಸಿದರೆ ಕಣ್ಣಿಗೆ ಕಾಣುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ, ಅಷ್ಟೇ. ಗೋಡೆಯ ಮೇಲೆ, ಸೀಲಿಂಗ್‌ಗಿಂತ ಒಂದು ಗೇಣು ಕೆಳಗೆ, ಪಿವಿಸಿ ಕೇಸಿಂಗ್ ಪಟ್ಟಿ ಕೂರಿಸಿ ಅದರೊಳಗೆ ಕೇಬಲ್ ಹಾಯಿಸಿ. ಕಂಪ್ಯೂಟರ್ ಜಾಲಕ್ಕೆ ಬಳಸುವ ಕ್ಯಾಟ್-6 ಕೇಬಲ್ಲಿನ ಒಂದೊಂದು ಎಳೆತ 90 ಮೀಟರ್ ಮೀರಬಾರದು ಎಂಬ ಮಿತಿ ಇದೆ. ಶಾಲೆಯ ಕೋಣೆ ಸುತ್ತಿ ಬಂದರೂ ಅದರ ಅರ್ಧ ಮುಟ್ಟುವುದಿಲ್ಲ. ವಿದ್ಯುತ್ ತಂತಿಗೆ ಬೇರೆಯೇ ಪೈಪು ಇರಲಿ. ಪಕ್ಕದ ಕೋಣೆಗೆ ಹೋಗಬೇಕಾದರೆ ಇಟ್ಟಿಗೆ ಗೋಡೆಯಲ್ಲಿ ತೂತು ಹಾಕಿ, ಆದರೆ ಅದು ನಿಜವಾಗಿಯೂ ಇಟ್ಟಿಗೆಯೇ ಎಂದು ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಹಳೆಯ ಶಾಲೆಗಳಲ್ಲಿ ಕೋಣೆಗಳ ನಡುವಿನ ತಡಿಕೆಗೂ ಇದೇ ಚಪ್ಪಟೆ ಶೀಟು ಬಳಸಿರುತ್ತಾರೆ. ಕ್ಯಾಮೆರಾಗಳನ್ನು ಗೋಡೆಯ ಬ್ರಾಕೆಟ್ಟಿಗೆ ಹಾಕಿ. ಸೀಲಿಂಗ್ ಇಲ್ಲದ ಸಭಾಂಗಣವಾದರೆ ಚಾವಣಿ ಹೊತ್ತ ಕಬ್ಬಿಣದ ಟ್ರಸ್ಸಿಗೆ ಕ್ಲ್ಯಾಂಪ್ ಹಾಕಿ, ಒಂದು ಗೋಡೆಯಿಂದ ಇನ್ನೊಂದಕ್ಕೆ ಜಿಐ ತಂತಿ ಬಿಗಿದು ಕೇಬಲ್ಲನ್ನು ಅದಕ್ಕೆ ಕಟ್ಟಬಹುದು. ಶೀಟು ಹಿಡಿದಿರುವ ಜೆ-ಬೋಲ್ಟ್ ಸಡಿಲಿಸಿ ಅದಕ್ಕೇ ಕೇಬಲ್ ನೇತುಹಾಕುವ ಜಾಣತನ ಮಾತ್ರ ಬೇಡ. ಬೋಲ್ಟಿನ ಸುತ್ತ ಶೀಟು ಮೊದಲೇ ಸೀಳಿರುತ್ತದೆ.

ತೂತಿಗಿಂತ ನನಗೆ ಹೆಚ್ಚು ಭಯವಿರುವುದು ಸೀಲಿಂಗ್ ಮೇಲಿನ ಜಾಗದ್ದು. ಒಂದು ಹಲಗೆ ಎತ್ತಿ, ಕೇಬಲ್ ಸುರುಳಿಯನ್ನು ಆ ಕತ್ತಲೆಗೆ ಎಸೆದು, ಇನ್ನೊಂದು ತುದಿಯಿಂದ ಎಳೆಯುವುದು ನಮ್ಮ ಹುಡುಗರ ರೂಢಿ. ಮೇಲಿನ ಶೀಟಿನಿಂದ ವರ್ಷಗಟ್ಟಲೆ ಉದುರಿದ ಪುಡಿ, ರಿಪೇರಿಯವರು ಬಿಟ್ಟುಹೋದ ಚೂರುಗಳು, ಇಲಿ ಹಿಕ್ಕೆ ಎಲ್ಲ ಅಲ್ಲಿ ಒಟ್ಟಾಗಿರುತ್ತವೆ. ಕೇಬಲ್ಲು ಅದನ್ನೆಲ್ಲ ಪೊರಕೆಯಂತೆ ಗುಡಿಸಿಕೊಂಡು ಬರುತ್ತದೆ. ಒಮ್ಮೆ ಒಂದು ಹಳೆಯ ಕಚೇರಿಯಲ್ಲಿ ಹೀಗೆ ಎಳೆಯುವುದನ್ನು ನೋಡಿದ್ದೆ. ಗಾಜಿನ ಹೆಂಚಿನಿಂದ ಬಿದ್ದ ಬಿಸಿಲುಕೋಲಿನಲ್ಲಿ ಧೂಳು ಹೊಳೆಯುತ್ತಿತ್ತು, ಕೆಳಗೆ ಗುಮಾಸ್ತರೊಬ್ಬರು ಊಟದ ಡಬ್ಬಿ ಬಿಚ್ಚಿದ್ದರು. ಹೊಳೆಯುತ್ತಿದ್ದದ್ದು ದಪ್ಪ ಧೂಳು. ಶ್ವಾಸಕೋಶದ ಆಳಕ್ಕಿಳಿಯುವ ಎಳೆ ಬಿಸಿಲಿನಲ್ಲೂ ಕಾಣುವುದಿಲ್ಲ.

ಬೇರೆ ದಾರಿಯೇ ಇಲ್ಲದೆ ಒಂದೆರಡು ತೂತು ಹಾಕಲೇಬೇಕಾಗಿ ಬಂದರೆ ರಜೆಯ ದಿನ ಹಾಕಿ. ಫ್ಯಾನ್ ನಿಲ್ಲಿಸಿ, ಬೆಂಚುಗಳನ್ನು ಸರಿಸಿ, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ತೂತು ಬರುವ ಜಾಗಕ್ಕೆ ಕ್ಷೌರದ ನೊರೆಯನ್ನು ಅಂಗೈ ದಪ್ಪ ಮೆತ್ತಿ. ಹೌದು, ಅಂಗಡಿಯಲ್ಲಿ ಸಿಗುವ ಶೇವಿಂಗ್ ಫೋಮ್. ಸಾಧ್ಯವಾದರೆ ಶೀಟಿನ ಹಿಂಬದಿಗೂ ಹಚ್ಚಿ. ಹ್ಯಾಮರ್ ಡ್ರಿಲ್ ದೂರವಿಟ್ಟು, ಕೈಯಲ್ಲಿ ತಿರುಗಿಸುವ ಬೈರಿಗೆ ಅಥವಾ ತೀರ ನಿಧಾನ ತಿರುಗುವ ಡ್ರಿಲ್ಲಿನಿಂದ ಆ ನೊರೆಯ ಮೂಲಕವೇ ಕೊರೆಯಿರಿ. ಪುಡಿ ಅಷ್ಟಾಗಿ ಹಾರುವುದಿಲ್ಲ, ನೊರೆ ಬೂದು ಬಣ್ಣಕ್ಕೆ ತಿರುಗಿ ಬಿಟ್ಟಿನ ಸುತ್ತ ಹಿಟ್ಟಿನಂತೆ ಅಂಟಿಕೊಳ್ಳುತ್ತದೆ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿ. ಮತ್ತೆ ಹಿಂಡಿ ಬಳಸಬೇಡಿ. ತೂತಿನ ಅಂಚಿಗೆ ಸೀಲೆಂಟ್ ಹಚ್ಚಿ, ಒಂದು ಪ್ಲಾಸ್ಟಿಕ್ ನಳಿಕೆ ತೂರಿಸಿ, ಆಮೇಲೆ ಕೇಬಲ್ ಹಾಯಿಸಿ. ನಳಿಕೆ ಇಲ್ಲದಿದ್ದರೆ ಪ್ರತಿ ಬಾರಿ ಕೇಬಲ್ ಎಳೆದಾಗಲೂ ಅಂಚು ಸವೆದು ಪುಡಿಯಾಗುತ್ತದೆ.

ಕೊರೆಯುವವನ ಮುಖಕ್ಕೆ ಎಫ್‌ಎಫ್‌ಪಿ-3 ಅಥವಾ ಪಿ-100 ದರ್ಜೆಯ ಮಾಸ್ಕ್ ಬೇಕು. ಕರವಸ್ತ್ರ, ಕೊರೋನಾ ಕಾಲದ ಬಟ್ಟೆ ಮಾಸ್ಕು ಯಾವುದೂ ಸಾಲದು. ಗಡ್ಡ ಇದ್ದರೆ ಒಳ್ಳೆಯ ಮಾಸ್ಕೂ ಮುಖಕ್ಕೆ ಕೂರುವುದಿಲ್ಲ. ಮೈಗೆ ಒಮ್ಮೆ ಹಾಕಿ ಬಿಸಾಡುವ ಕವಚ. ಪೊರಕೆ ಮತ್ತು ಮಾಮೂಲಿ ವ್ಯಾಕ್ಯೂಮ್ ಕ್ಲೀನರನ್ನು ಆ ದಿನ ಬೀಗ ಹಾಕಿಡಿ. ಎರಡೂ ಎಳೆಗಳನ್ನು ಗಾಳಿಗೆ ಹಂಚುವ ಯಂತ್ರಗಳೇ. ಚೂರು, ಬಟ್ಟೆ, ಕವಚ ಎಲ್ಲವನ್ನೂ ಎರಡು ಪದರದ ದಪ್ಪ ಚೀಲದಲ್ಲಿ ಕಟ್ಟಿ, ಮೇಲೆ ದೊಡ್ಡದಾಗಿ ಬರೆದು, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯನ್ನು ವಿಚಾರಿಸಿ ವಿಲೇವಾರಿ ಮಾಡಿ. ಶಾಲೆಯ ಹಿಂದೆ ಗುಂಡಿ ತೋಡಿ ಹೂಳುವುದು, ಕಸದ ಗಾಡಿಗೆ ಹಾಕುವುದು ಸಲ್ಲದು.

ಇನ್ನೊಂದು ಮಾತು, ಇದಕ್ಕೂ ಕ್ಯಾನ್ಸರಿಗೂ ಸಂಬಂಧವಿಲ್ಲ. ಕೇಬಲ್ ಹಾಕಲು ಯಾರೂ ಶೀಟಿನ ಮೇಲೆ ಹತ್ತಬಾರದು. ಹಳೆಯ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ, ಮುರಿಯುವ ಮುನ್ನ ಚಟ್ ಎಂಬ ಸದ್ದನ್ನೂ ಮಾಡುವುದಿಲ್ಲ. ಆಸ್ಬೆಸ್ಟಾಸ್ ರೋಗಕ್ಕೆ ದಶಕಗಳು ಬೇಕು, ಇದಕ್ಕೆ ಒಂದು ಕ್ಷಣ ಸಾಕು.

ಪ್ರಶ್ನೆ: ಹನ್ನೆರಡು ವರ್ಷಗಳಿಂದ ಗೋದಾಮು, ಕಾರ್ಖಾನೆಗಳಲ್ಲಿ ಕ್ಯಾಮೆರಾ ಕೂರಿಸುವ ಕೆಲಸ ನನ್ನದು. ಎಷ್ಟು ಶೀಟಿಗೆ ತೂತು ಹಾಕಿದ್ದೇನೋ ಲೆಕ್ಕವಿಲ್ಲ. ಈವರೆಗೆ ಕೆಮ್ಮೂ ಇಲ್ಲ. ಎಕ್ಸ್‌ರೇ ತೆಗೆಸಿದರೆ ಗೊತ್ತಾಗುತ್ತದೆಯೇ?
– ತಂತ್ರಜ್ಞ, ಬೆಂಗಳೂರು

ಉತ್ತರ: ಇಂದಿನ ಎಕ್ಸ್‌ರೇ ನೀವು ಏನು ಉಸಿರಾಡಿದ್ದೀರಿ ಎಂದು ಹೇಳುವುದಿಲ್ಲ. ಕಲ್ನಾರಿನಿಂದ ಬರುವ ಕಾಯಿಲೆಗಳು ತಲೆ ಎತ್ತಲು ಸಾಮಾನ್ಯವಾಗಿ 20ರಿಂದ 40 ವರ್ಷ ಹಿಡಿಯುತ್ತದೆ. ಕೆಮ್ಮಿಲ್ಲ ಎಂಬುದು ಸಮಾಧಾನವೇ ಹೊರತು ಪುರಾವೆಯಲ್ಲ. ಹಾಗೆಂದು ನಿದ್ದೆಗೆಡಬೇಡಿ: ಅಪಾಯ ಒಟ್ಟು ಉಸಿರಾಡಿದ ಪ್ರಮಾಣವನ್ನು ಅವಲಂಬಿಸಿದೆ, ಅಲ್ಲೊಂದು ಇಲ್ಲೊಂದು ತೂತು ಹಾಕಿದವರ ಪಾಡು ಶೀಟು ಕಾರ್ಖಾನೆಯಲ್ಲಿ ದುಡಿದವರ ಪಾಡಿನಂತಲ್ಲ. ಬೀಡಿ ಸಿಗರೇಟು ಸೇದುತ್ತಿದ್ದರೆ ಇಂದೇ ಬಿಡಿ. ಹೊಗೆ ಮತ್ತು ಕಲ್ನಾರು ಜೊತೆಯಾದಾಗ ಶ್ವಾಸಕೋಶದ ಕ್ಯಾನ್ಸರಿನ ಸಾಧ್ಯತೆ ಎರಡನ್ನೂ ಕೂಡಿಸಿದ್ದಕ್ಕಿಂತ ಹೆಚ್ಚಾಗುತ್ತದೆ. ಯಾವ ವೈದ್ಯರ ಬಳಿ ಹೋದರೂ ನಿಮ್ಮ ಕೆಲಸ ಏನೆಂದು ಹೇಳಿ. ಅವರಾಗಿಯೇ ಕೇಳುವುದು ಅಪರೂಪ.

1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಆಸ್ಬೆಸ್ಟಾಸ್ ಉದ್ಯಮದ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ, ಇಡಬೇಕೆಂದು ಆದೇಶಿಸಿತು. ನಿಮ್ಮಂತೆ ಊರೂರು ಸುತ್ತಿ ದುಡಿಯುವವರಿಗೆ ದಾಖಲೆ ಇಡುವ ಮಾಲೀಕರಿಲ್ಲ. ಒಂದು ಡೈರಿ ತಂದು ನೀವೇ ಬರೆಯಿರಿ: ಯಾವ ವರ್ಷ, ಯಾವ ಕಟ್ಟಡ, ಎಷ್ಟು ದಿನ. ಕೆಲಸದ ಬಟ್ಟೆಯನ್ನು ಮನೆಯ ಬಟ್ಟೆಗಳ ಜೊತೆ ಒಗೆಯಲು ಹಾಕಬೇಡಿ. ಗಂಡನ ಅಂಗಿ ಕೊಡವಿ ಒಗೆದ ಹೆಂಡತಿಗೇ ಕಾಯಿಲೆ ಬಂದ ಉದಾಹರಣೆಗಳು ವೈದ್ಯಕೀಯದಲ್ಲಿ ದಾಖಲಾಗಿವೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ನೆಟ್‌ವರ್ಕ್ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಮುಂದಿನ ವಾರ 1960ರ ದಶಕದ ಶಾಲೆಯೊಂದರಲ್ಲಿ ಕೇಬಲ್ ಹಾಕಬೇಕು. ‘ಸೀಲಿಂಗ್ ಟೈಲ್ ಎತ್ತಿ ನೋಡು’ ಎಂದಿದ್ದಾರೆ.

ಉತ್ತರ: ಎತ್ತಬೇಡಿ. ಅಲ್ಲಿ ಆಸ್ಬೆಸ್ಟಾಸ್ ಪೂರ್ತಿ ನಿಷೇಧವಾದದ್ದು 1999ರಲ್ಲಿ. ಅದಕ್ಕೆ ಮೊದಲಿನ ಯಾವ ಕಟ್ಟಡದಲ್ಲೂ ಇರಬಹುದು. ಅಲ್ಲಿನ ಹಳೆಯ ಸೀಲಿಂಗ್ ಟೈಲುಗಳಲ್ಲಿ ನಮ್ಮ ಸಿಮೆಂಟ್ ಶೀಟಿಗಿಂತ ಎಷ್ಟೋ ಮೆದುವಾದ, ಎಳೆಗಳನ್ನು ಸುಲಭವಾಗಿ ಉದುರಿಸುವ ಹಲಗೆಗಳಿವೆ. ಅವುಗಳನ್ನು ತೆಗೆಯುವ ಕೆಲಸ ಬಹುಮಟ್ಟಿಗೆ ಪರವಾನಗಿ ಪಡೆದವರದು. 2012ರ ಆಸ್ಬೆಸ್ಟಾಸ್ ನಿಯಂತ್ರಣ ನಿಯಮಗಳ ಪ್ರಕಾರ ಕಟ್ಟಡದ ಹೊಣೆ ಹೊತ್ತವರು ಎಲ್ಲೆಲ್ಲಿ ಆಸ್ಬೆಸ್ಟಾಸ್ ಇದೆ ಎಂಬ ವಿವರ ಇಟ್ಟಿರಬೇಕು, ಅದನ್ನು ಕೆಲಸಕ್ಕೆ ಬಂದವರಿಗೆ ತಿಳಿಸಬೇಕು. ನಿಮಗೆ ಆಸ್ಬೆಸ್ಟಾಸ್ ಅಪಾಯದ ಅರಿವು ಮೂಡಿಸುವ ತರಬೇತಿ ಕೊಡಿಸುವುದು ನಿಮ್ಮ ಕಂಪನಿಯ ಕರ್ತವ್ಯ. ಹೊಸಬ ಎಂಬ ಸಂಕೋಚ ಬೇಡ. ಆ ಕಡತವನ್ನು ಕೇಳಿ, ನೀವು ಕೆಲಸ ಮಾಡುವ ಕೋಣೆಯ ಹೆಸರು ಅದರಲ್ಲಿದೆಯೇ ಎಂದು ಓದಿ ನೋಡಿ. ಅದು ಕೈಗೆ ಸಿಗುವವರೆಗೆ ಏಣಿಯನ್ನು ವ್ಯಾನಿನಿಂದ ಇಳಿಸಬೇಡಿ.