ಪ್ರತಿಕ್ರಿಯೆ: ಅಬೂ ಹುರೈರಾ ಅವರ 5374 ಹದೀಸ್ ಲೆಕ್ಕ ಸರಿಯೇ?

ಪ್ರವಾದಿ ಮುಹಮ್ಮದರ ಒಡನಾಡಿ ಅಬೂ ಹುರೈರಾ ಅವರಿಂದ 5374 ಹದೀಸ್ (ಪ್ರವಾದಿಯ ಮಾತು, ನಡೆಗಳ ವರದಿ) ಬಂದಿವೆ ಅನ್ನುವ ಲೆಕ್ಕ ಸರಿಯೇ ಎಂದು ನಿಮ್ಮ ಲೇಖನಕ್ಕಾಗಿ ಕೇಳಿದ್ದೀರಿ. 5374 ಅಂದರೆ ಅಷ್ಟೂ ಬೇರೆ ಬೇರೆ ಮಾತುಗಳು ಎಂದು ಓದಿದ್ದೇ ನಿಮ್ಮ ಗೊಂದಲಕ್ಕೆ ಕಾರಣ ಇರಬೇಕು. ನಾಲ್ಕು ವರ್ಷದ ಒಡನಾಟದಲ್ಲಿ ಅಷ್ಟು ಹೇಗೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಂದಲುಸಿನ (ಮುಸ್ಲಿಮ್ ಆಳ್ವಿಕೆಯ ಸ್ಪೇನ್) ವಿದ್ವಾಂಸ ಬಕೀ ಬಿನ್ ಮಖ್ಲದ್ ಅವರ ಹದೀಸ್ ಸಂಗ್ರಹದಿಂದ ಬಂದ ಈ ಎಣಿಕೆಯಲ್ಲಿ, ಒಂದೇ ಮಾತನ್ನು ನಾಲ್ಕು ಶಿಷ್ಯರು ಮುಂದೆ ಹೇಳಿದ್ದರೆ ಅದು ನಾಲ್ಕು ವರದಿ.

ಲೇಖನದಲ್ಲಿ ಮೊದಲು '5374 ವರದಿಗಳು' ಎಂದು ತಿದ್ದಿ. ಒಂದೇ ಮಾತು ಮತ್ತೆ ಮತ್ತೆ ಬಂದದ್ದನ್ನು ಬಿಟ್ಟರೆ ಸಂಖ್ಯೆ ತುಂಬಾ ಇಳಿಯುತ್ತದೆ. ಎಷ್ಟಕ್ಕೆ ಅನ್ನುವುದು ಎಣಿಸುವವರ ಮೇಲಿದೆ, ಸುಮ್ನೆ ಒಂದು ಅಂಕಿ ಹಾಕಬೇಡಿ.

ಆಮೇಲೆ ಕಾಲ ಹೇಳಿ. ಯಮನಿನ ದೌಸ್ ಬುಡಕಟ್ಟಿನ ಅಬೂ ಹುರೈರಾ ಮದೀನಾಕ್ಕೆ ಬಂದದ್ದು ಇಸ್ಲಾಮೀ ಪಂಚಾಂಗದ ಹಿಜರಿ 7ರಲ್ಲಿ, ಖೈಬರ್ ಯುದ್ಧದ ಹೊತ್ತಿಗೆ. ಪ್ರವಾದಿ ತೀರಿಕೊಂಡದ್ದು ಹಿಜರಿ 11ರಲ್ಲಿ. ಈ ನಡುವೆ ಇವರಿಗೆ ವ್ಯಾಪಾರವಿಲ್ಲ, ಹೊಲವಿಲ್ಲ, ಮಸೀದಿಗೆ ಹೊಂದಿದ ಸುಫ್ಫಾ ಚಪ್ಪರದಲ್ಲಿ ಬಡವರ ಜೊತೆ ವಾಸ. ಮುಹಾಜಿರರು (ಮಕ್ಕಾದಿಂದ ವಲಸೆ ಬಂದವರು) ಮಾರುಕಟ್ಟೆಯಲ್ಲಿ, ಅನ್ಸಾರರು (ಮದೀನಾದ ಮುಸ್ಲಿಮರು) ತಮ್ಮ ಜಮೀನಿನ ಕೆಲಸದಲ್ಲಿ ಇರುತ್ತಿದ್ದಾಗ, ತಾನು ಹೊಟ್ಟೆ ತುಂಬಿದರೆ ಸಾಕೆಂದು ಪ್ರವಾದಿಯ ಜೊತೆಗೇ ಇರುತ್ತಿದ್ದೆ ಎಂದು ಅವರೇ ಹೇಳಿದ್ದು ಬುಖಾರಿ ಹದೀಸ್ ಗ್ರಂಥದಲ್ಲಿದೆ. ಇದನ್ನು ಮಾತ್ರ ಬಿಡಬೇಡಿ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ ಅಲ್ವಾ.

ಇನ್ನೊಂದು ವಿಷಯ ಜಾಸ್ತಿ ಜನ ಮರೆಯುತ್ತಾರೆ. ಎಲ್ಲವನ್ನೂ ಅವರು ನೇರವಾಗಿ ಕೇಳಿದ್ದಲ್ಲ, ಅಬೂಬಕರ್, ಉಮರ್, ಪ್ರವಾದಿಯ ಪತ್ನಿ ಆಯಿಷಾ ಮುಂತಾದ ಇತರ ಒಡನಾಡಿಗಳಿಂದ ಕೇಳಿದ್ದೂ ಸೇರಿದೆ. ಪ್ರವಾದಿಯ ನಂತರ 45ಕ್ಕೂ ಹೆಚ್ಚು ವರ್ಷ ಬದುಕಿದ್ದರಿಂದ ಶಿಷ್ಯರೂ ಬಹಳ, ಹಾಗಾಗಿ ವರದಿಗಳೂ ಬೆಳೆದವು.

ಅಬೂ ಹುರೈರಾ ಅವರ ನಿಧನದ ವರ್ಷ ಹಿಜರಿ 57, 58, 59 ಎಂದು ಮೂರು ಬಗೆಯಾಗಿ ಸಿಗುತ್ತದೆ. ಮೂರನ್ನೂ ಬರೆದುಬಿಡಿ.