ಅಡುಗೆ ಕೋರ್ಸಿನ ಫೀಸ್ ಬಗ್ಗೆ

ಎಲೆಚುಕ್ಕಿ ರೋಗಕ್ಕೆ ಅಡಿಕೆ ತೋಟ ಹೋಗಿ ಅಪ್ಪ ಸಾಲದಲ್ಲಿದ್ದಾರೆ, ಅಡುಗೆ ಕೋರ್ಸಿಗೆ ಯಾರಾದರೂ ಸಹಾಯ ಮಾಡುತ್ತಾರಾ ಅಂತ ಕೇಳಿದ್ದೀರಿ. ನಮ್ಮ ತೀರ್ಥಹಳ್ಳಿ ಕಡೆಯೂ ಇದೇ ಗೋಳು. ದಾನಿಗಳನ್ನು ಆಮೇಲೆ ಹುಡುಕೋಣ, ಮೊದಲು ಖರ್ಚು ಇಳಿಸಿ. ಖಾಸಗಿ ಕಾಲೇಜಿನ ಥಳುಕು ಬೇಡ, ಬೆಂಗಳೂರಿನ ಸರ್ಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಾದ ಐಎಚ್‌ಎಂನಲ್ಲಿ ವಿಚಾರಿಸಿ.

ಬ್ಯಾಂಕಿನಲ್ಲಿ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಅಡಮಾನ ಬೇಡ. ಅಪ್ಪ ಅಥವಾ ಅಮ್ಮ ಜೊತೆಗೆ ಸಹಿ ಹಾಕಬೇಕು. ಅಪ್ಪನ ಸಾಲ ಸುಸ್ತಿಯಾಗಿದ್ದರೆ ಮುಚ್ಚಿಡಬೇಡಿ, ಸಾಲದ ಚರಿತ್ರೆ ತೋರಿಸುವ ಸಿಬಿಲ್‌ನಲ್ಲಿ ಹೇಗೂ ಕಾಣುತ್ತೆ ಅಲ್ವಾ? ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಬೇಕಾಗುತ್ತೆ.

ಮದುವೆ ಸೀಸನ್ನಿನಲ್ಲಿ ಅಡುಗೆ ಭಟ್ಟರ ಜೊತೆ ಹೋಗಿ. ನಾನು ಮೊದಲ ದಿನ ಬರೀ ತೆಂಗಿನಕಾಯಿ ತುರಿದಿದ್ದೆ. ಅಂಗೈಯೆಲ್ಲ ಬೊಬ್ಬೆ! ಹಾಸ್ಟೆಲ್ ಅಡ್ವಾನ್ಸ್ ಹುಟ್ಟಿದ್ದು ಆ ಕೂಲಿಯಲ್ಲೇ.