ಮೂರು ಸಾಫ್ಟ್‌ವೇರ್, ಒಂದೇ ಶಾಪು

ಪ್ರಶ್ನೆ: ಸರ್, ದಾವಣಗೆರಿ ಕರೂರು ಇಂಡಸ್ಟ್ರಿಯಲ್ ಏರಿಯಾದಾಗ ನಮ್ದು ಸಣ್ಣ ಮಷಿನ್ ಶಾಪ್ ಐತಿ. ಹಳೇ ಡ್ರಾಯಿಂಗೆಲ್ಲಾ ಆಟೋಕ್ಯಾಡ್‌ನಾಗ, ಹೊಸ ಹುಡುಗ್ರು 3ಡಿ ಮಾಡೆಲ್ ಮಾಡೋ ಸಾಲಿಡ್‌ವರ್ಕ್ಸ್ ಅಂತಾರ, ಒಬ್ಬ ಕಸ್ಟಮರ್ ಕ್ರಿಯೋ ಅನ್ನೋ ಇನ್ನೊಂದು 3ಡಿ ಸಾಫ್ಟ್‌ವೇರ್ ಫೈಲೇ ಕಳಿಸ್ತಾನ. ಎಲ್ಲಾ ಒಂದಕ್ಕ ತರ್ಬೇಕಾ?

ಉತ್ತರ: ತರ್ರಿ, ಆದ್ರ ಹಳೇದೆಲ್ಲಾ ಕನ್ವರ್ಟ್ ಮಾಡಾಕ ಕುಂದ್ರಬ್ಯಾಡ್ರಿ, ಅದು ಮುಗಿಯೋ ಕೆಲಸಲ್ಲ. ಪದೇ ಪದೇ ಆರ್ಡರ್ ಬರೋ ಪಾರ್ಟಷ್ಟೇ ಹೊಸದಾಗಿ ಮಾಡೆಲ್ ಮಾಡ್ರಿ, ಉಳಿದದ್ದು ಪಿಡಿಎಫ್ ಜೊತಿ ಹಂಗೇ ಇರ್ಲಿ. ಕಸ್ಟಮರ್ ಕಡಿಂದ ಸ್ಟೆಪ್ ಫೈಲ್ (ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕ 3ಡಿ ಮಾಡೆಲ್ ಒಯ್ಯೋ ಫೈಲು) ಕೇಳ್ರಿ, 1994ರಿಂದ ಇರೋ ಐಎಸ್‌ಒ ಸ್ಟ್ಯಾಂಡರ್ಡು, ಸಾಲಿಡ್‌ವರ್ಕ್ಸ್‌ನಾಗೂ ಓಪನ್ ಆಗ್ತೈತಿ, ಆದ್ರ ಆಕಾರ ಬರ್ತೈತಿ, ಫೀಚರ್ ಟ್ರೀ (ಮಾಡೆಲ್ ಯಾವ್ಯಾವ ಹಂತದಾಗ ಕಟ್ಟಿದ್ದು ಅನ್ನೋ ಪಟ್ಟಿ) ಬರಂಗಿಲ್ಲ, ಹಂಗಾಗಿ ಮೂಲ ಸ್ಕೆಚ್‌ನಾಗ ಅಳತಿ ತಿದ್ದಾಕ ಆಗಲ್ಲ. ಟಾಲರೆನ್ಸ್‌ಗೆ (ಅಳತಿ ಎಷ್ಟು ಹೆಚ್ಚು ಕಮ್ಮಿ ಆದ್ರ ನಡೀತೈತಿ ಅನ್ನೋದಕ್ಕ) 2ಡಿ ಡ್ರಾಯಿಂಗೂ ತಗೊಳ್ರಿ. ಮತ್ತ ಈ ‘ಫೈನಲ್’, ‘ಫೈನಲ್ ಹೊಸದು’ ಅಂತ ಫೈಲಿಗೆ ಹೆಸರಿಡೋದು (ನಾವೂ ಮಾಡೀವಿ ಬಿಡ್ರಿ) ಇವತ್ತೇ ನಿಲ್ಲಿಸಿ, ಪಾರ್ಟ್ ನಂಬರು, ರಿವಿಷನ್ ನಂಬರು ಹಾಕ್ರಿ.